ಡಾಕ್ಟರ್ ಸ್ಕಾರ್ಪೆಟ್ಟಾ ಮತ್ತು ನಮ್ಮ ನಾಲ್ವರ ತಕರಾರು

ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು ನಿವೃತ್ತಿಯ ನಂತರ ಗಮಕ, ಪ್ರವಚನ, ಹೆಚ್ಚೆಂದರೆ ಒಂದಿಷ್ಟು ವಚನಸಾಹಿತ್ಯ ಎಂದು ಕಾಲ ಕಳೆಯಬೇಕೆಂಬುದು ಲೋಕರೂಢಿ. ಅಂಥವನ ಮೇಜಿನ ಮೇಲೆ ಕುಮಾರವ್ಯಾಸಭಾರತದ ಪಕ್ಕದಲ್ಲಿಯೇ ಅಮೆರಿಕದ ಶವಪರೀಕ್ಷಕಿಯೊಬ್ಬಳ ಕಾದಂಬರಿಗಳು ಸಾಲಾಗಿ ನಿಂತಿದ್ದರೆ ಮನೆಗೆ ಬಂದವರು ಹುಬ್ಬೇರಿಸುವುದು ಸಹಜವೇ. "ಏನು ಮೇಷ್ಟ್ರೇ, ಈ ವಯಸ್ಸಿನಲ್ಲಿ ಕೊಲೆಯ ಪುಸ್ತಕಗಳೇ?" ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಒಂದೇ: ನಮ್ಮ ತಲೆಮಾರಿನ ಬಹುತೇಕ ಹುಡುಗರಿಗೆ ಓದುವ ಚಟ ಹತ್ತಿಸಿದ್ದು ಪಠ್ಯಪುಸ್ತಕವಲ್ಲ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಬಾಡಿಗೆ ಪುಸ್ತಕದಂಗಡಿಯಿಂದ ತಂದು, ಭೂಗೋಳದ ಪುಸ್ತಕದೊಳಗೆ ಬಚ್ಚಿಟ್ಟು ಓದಿದ ಋಣ ಅಷ್ಟು ಸುಲಭವಾಗಿ ತೀರುವಂಥದಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ನಾನು ಹೇಳಹೊರಟಿರುವುದು ಪ್ಯಾಟ್ರಿಷಿಯಾ ಕಾರ್ನ್‌ವೆಲ್ ಬರೆದ ಕೇ ಸ್ಕಾರ್ಪೆಟ್ಟಾ ಮಾಲಿಕೆಯ ಬಗ್ಗೆ. ಈ ಲೇಖಕಿ ಮೊದಲು ಪತ್ರಿಕೆಯೊಂದರಲ್ಲಿ ಅಪರಾಧ ವರದಿಗಾರ್ತಿಯಾಗಿದ್ದವರು. ಅನಂತರ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್‌ಮಂಡ್‌ನಲ್ಲಿ, ಮುಖ್ಯ ವೈದ್ಯಕೀಯ ಪರೀಕ್ಷಕರ ಕಚೇರಿಯಲ್ಲಿ ಸುಮಾರು ಆರು ವರ್ಷ ತಾಂತ್ರಿಕ ಬರಹ ಮತ್ತು ಕಂಪ್ಯೂಟರಿನ ಕೆಲಸ ಮಾಡಿದರು. ಅಲ್ಲಿದ್ದ ಡಾ. ಮಾರ್ಸೆಲ್ಲಾ ಫಿಯೆರೊ ಎಂಬ ವೈದ್ಯೆಯೇ ಕಥಾನಾಯಕಿಗೆ ಪ್ರೇರಣೆ. ಮೊದಲ ಕಾದಂಬರಿ 'ಪೋಸ್ಟ್‌ಮಾರ್ಟಮ್' ಹಲವು ಪ್ರಕಾಶಕರಿಂದ ತಿರಸ್ಕೃತವಾಗಿ, ಕೊನೆಗೆ 1990ರಲ್ಲಿ ಪ್ರಕಟವಾಗಿ, ಎಡ್ಗರ್ ಪ್ರಶಸ್ತಿಯೂ ಸೇರಿದಂತೆ ಹಲವು ಗೌರವಗಳನ್ನು ಪಡೆಯಿತು. ಡಿ.ಎನ್.ಎ. ಪರೀಕ್ಷೆ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲವದು. ಲೇಸರ್ ಬೆಳಕಿನಲ್ಲಿ ಶವದ ಮೇಲೆ ಮಿನುಗುವ ಒಂದು ಪುಡಿಯ ಜಾಡು ಹಿಡಿದು ನಡೆಯುವ ಕಥೆ ಓದುಗರಿಗೆ ಹೊಸ ಲೋಕವನ್ನೇ ತೆರೆಯಿತು. ಬಂದೂಕು ಹಿಡಿದು ಬೆನ್ನಟ್ಟುವ ಪತ್ತೇದಾರನ ಬದಲು ಕೈಗವಸು ತೊಟ್ಟು ಮೇಜಿನ ಮುಂದೆ ನಿಲ್ಲುವ ಹೆಣ್ಣುಮಗಳೊಬ್ಬಳು ನಾಯಕಿಯಾದಳು.

ಈ ಪುಸ್ತಕಗಳನ್ನು ನಾನು ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಗಳಿಂದ ಒಂದೊಂದಾಗಿ ಆಯ್ದು ತಂದೆ. ನಮ್ಮ ಬೀದಿಯಲ್ಲಿ ಅವು ನಾಲ್ಕು ಕೈ ತಿರುಗಿದವು: ನಾನು, ನನ್ನ ಮಡದಿ, ಇಂಗ್ಲಿಷ್ ಎಂ.ಎ. ಮಾಡಿರುವ ನನ್ನ ಸೋದರ ಸೊಸೆ, ಮತ್ತು ಸರ್ಕಾರಿ ಸೇವೆಯಿಂದ ನಿವೃತ್ತರಾದ ವೈದ್ಯಮಿತ್ರರೊಬ್ಬರು. ನಾಲ್ವರು ಓದಿದೆವು, ನಾಲ್ಕು ಅಭಿಪ್ರಾಯಗಳು ಹುಟ್ಟಿದವು. ಸಂಜೆಯ ಕಾಫಿಯ ಹೊತ್ತಿನ ಆ ತಕರಾರುಗಳನ್ನು ದಾಖಲಿಸಬೇಕೆನ್ನಿಸಿ ಬರೆಯುತ್ತಿದ್ದೇನೆ.

ಮೊದಲನೆಯ ತಕರಾರು ವ್ಯಾಕರಣದ್ದು. ಮೇಷ್ಟರ ಮನೆಯಲ್ಲಿ ಬೇರೇನು ಬಂದೀತು! ಮೊದಲ ಹನ್ನೊಂದು ಕಾದಂಬರಿಗಳಲ್ಲಿ ಸ್ಕಾರ್ಪೆಟ್ಟಾ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಅಂದರೆ ಉತ್ತಮ ಪುರುಷ ನಿರೂಪಣೆ. 2003ರ 'ಬ್ಲೋ ಫ್ಲೈ'ಯಲ್ಲಿ ಲೇಖಕಿ ಇದ್ದಕ್ಕಿದ್ದಂತೆ ಪ್ರಥಮ ಪುರುಷಕ್ಕೆ ಹೊರಳಿದರು. 'ನಾನು' ಹೋಗಿ 'ಅವಳು' ಬಂದಳು.  ಅಮೆರಿಕದ ಓದುಗರಲ್ಲಿ ಎಷ್ಟೋ ಜನ ಮಾಲಿಕೆಯ ಇಳಿಜಾರನ್ನು ಇಲ್ಲಿಂದಲೇ ಗುರುತಿಸುತ್ತಾರೆ. 2010ರ 'ಪೋರ್ಟ್ ಮಾರ್ಚುಅರಿ'ಯಲ್ಲಿ ಕಾರ್ನ್‌ವೆಲ್ ಮತ್ತೆ 'ನಾನು' ಎಂಬಲ್ಲಿಗೇ ಮರಳಿದರು.

ಸೋದರ ಸೊಸೆಯ ವಾದವೇ ಬೇರೆ: "ಪ್ರಥಮ ಪುರುಷವಾದರೆ ಕೊಲೆಗಾರನ ಮನಸ್ಸಿನೊಳಗೂ ಹೋಗಬಹುದಲ್ಲ, ಮಾವ? ಹನ್ನೊಂದು ಪುಸ್ತಕ ಒಂದೇ ಕಿಟಕಿಯಿಂದ ನೋಡಿದ್ದು ಸಾಲದೇ?" ತರ್ಕ ಸರಿಯಾಗಿಯೇ ಇದೆ. ಆದರೆ ಶವಾಗಾರದ ಕಥೆಗೆ ಆ ಒಂದು ಕಿಟಕಿಯೇ ಜೀವಾಳ ಎಂಬುದು ನನ್ನ ಅನಿಸಿಕೆ. ಆ ಕೋಣೆಗೆ ನಾವು ಒಬ್ಬರೇ ಹೋಗಲಾರೆವು. ಯಾರಾದರೂ ಕೈ ಹಿಡಿದು, "ಬನ್ನಿ, ನಾನಿದ್ದೇನೆ" ಎಂದು ಕರೆದೊಯ್ಯಬೇಕು. 'ನಾನು' ಎಂಬ ಸರ್ವನಾಮ ಆ ಪುಸ್ತಕಗಳಲ್ಲಿ ಮಾಡುವ ಕೆಲಸ ಅದೇ. ಆ ಕೈ ಬಿಟ್ಟುಹೋದ ಕ್ಷಣದಲ್ಲಿ ನಾವು ಗಾಜಿನಾಚೆ ನಿಂತು ಇಣುಕುವವರಾಗುತ್ತೇವೆ. ಇಣುಕುವುದರಲ್ಲಿ ಒಂದು ಬಗೆಯ ಲಜ್ಜೆಗೇಡಿತನವಿದೆ.

ಎರಡನೆಯ ತಕರಾರು ಸತ್ತವನು ಬದುಕಿ ಬಂದದ್ದು. 1998ರ 'ಪಾಯಿಂಟ್ ಆಫ್ ಆರಿಜಿನ್'ನಲ್ಲಿ ಸ್ಕಾರ್ಪೆಟ್ಟಾಳ ಪ್ರಿಯಕರ ಬೆಂಟನ್ ವೆಸ್ಲಿ ಕೊಲೆಯಾಗುತ್ತಾನೆ. ಮುಂದಿನ ಎರಡು ಕಾದಂಬರಿಗಳ ತುಂಬ ಅವಳ ದುಃಖ. ಆಮೇಲೆ 'ಬ್ಲೋ ಫ್ಲೈ'ಯಲ್ಲಿ ತಿಳಿಯುತ್ತದೆ: ಅವನು ಸತ್ತೇ ಇರಲಿಲ್ಲ, ಗುಪ್ತವಾಗಿ ಬದುಕಿದ್ದ! ಹಳೆಯ ಪುಸ್ತಕಗಳನ್ನು ಇನ್ನೂ ಓದದವರು ಇಷ್ಟು ಹೇಳಿದ್ದನ್ನು ಕ್ಷಮಿಸಬೇಕು. ಇದನ್ನು ಬಿಟ್ಟರೆ ಈ ಮಾಲಿಕೆಯ ಓದುಗರ ಜಗಳವನ್ನೇ ವಿವರಿಸುವಂತಿಲ್ಲ. ನಾಯಕಿಯ ಕಣ್ಣೀರಿನ ಜೊತೆ ತಾವೂ ಅತ್ತವರಿಗೆ ಮೋಸಹೋದಂತಾದರೆ ಆಶ್ಚರ್ಯವಿಲ್ಲ.

ಇದೇನೂ ಹೊಸತಲ್ಲ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತದಲ್ಲಿ ಕೆಡವಿ, ಹತ್ತು ವರ್ಷಗಳ ಮೇಲೆ, 1903ರಲ್ಲಿ, ಬದುಕಿಸಿ ತಂದರು. ಆದರೆ ಹೋಮ್ಸ್‌ನ ಶವವನ್ನು ಯಾರೂ ನೋಡಿರಲಿಲ್ಲ. ಶವವನ್ನೇ ಸತ್ಯದ ಮೂಲವೆಂದು ನಂಬಿಸಿದ ಮಾಲಿಕೆಯೊಂದರಲ್ಲಿ ಸಾವೇ ಸುಳ್ಳಾದರೆ? ನನ್ನ ಮಡದಿ ಮಾತ್ರ ಸಂತೋಷಪಟ್ಟಳು. "ಕಥೆಯಲ್ಲಾದರೂ ಒಬ್ಬ ವಾಪಸ್ಸು ಬರಲಿ ಬಿಡಿ" ಎಂದಳು. ಅದಕ್ಕೆ ಪ್ರತಿಯಾಡಲು ನನಗೆ ಮಾತು ಹೊಳೆಯಲಿಲ್ಲ.

ಮೂರನೆಯದು ವೈದ್ಯಮಿತ್ರರ ತಕರಾರು. ಅವರು ತಾಲ್ಲೂಕು ಆಸ್ಪತ್ರೆಗಳಲ್ಲಿ ನೂರಾರು ಮರಣೋತ್ತರ ಪರೀಕ್ಷೆ ಮಾಡಿದವರು. "ಆ ಹೆಣ್ಣುಮಗಳಿಗೆ ಲೇಸರ್ ಇದೆ, ಇಲೆಕ್ಟ್ರಾನ್ ಸೂಕ್ಷ್ಮದರ್ಶಕವಿದೆ, ಕೇಳಿದ ತಕ್ಷಣ ಫೋನ್ ಎತ್ತುವ ತಜ್ಞರಿದ್ದಾರೆ. ನನಗಿದ್ದದ್ದು ಆಸ್ಪತ್ರೆಯ ಹಿಂದಿನ ಒಂದು ಕೋಣೆ, ಒಬ್ಬ ಸಹಾಯಕ ಮತ್ತು ಹಗಲು ಬೆಳಕು" ಎನ್ನುತ್ತಾರೆ. ಕರುಳು, ಯಕೃತ್ತುಗಳ ಭಾಗಗಳನ್ನು ಅಡುಗೆ ಉಪ್ಪಿನ ಗಾಢ ದ್ರಾವಣದಲ್ಲಿಟ್ಟು, ಬಾಟಲಿಗೆ ಅರಗಿನ ಮುದ್ರೆಯೊತ್ತಿ, ದೂರದ ಪ್ರಯೋಗಾಲಯಕ್ಕೆ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದರಂತೆ. ಹಗಲು ಬೆಳಕು ಎಂದದ್ದು ಬರಿಯ ಮಾತಲ್ಲ. ಸೂರ್ಯಾಸ್ತದ ನಂತರವೂ, ಸೌಕರ್ಯವಿರುವ ಆಸ್ಪತ್ರೆಗಳಲ್ಲಿ, ಮರಣೋತ್ತರ ಪರೀಕ್ಷೆ ಮಾಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿದ್ದು 2021ರ ನವೆಂಬರಿನಲ್ಲಿ. ಅದೂ ಕೊಲೆ, ಆತ್ಮಹತ್ಯೆ, ಅತ್ಯಾಚಾರದಂಥ ಪ್ರಕರಣಗಳನ್ನು ಸಾಮಾನ್ಯವಾಗಿ ಹೊರತುಪಡಿಸಿ. ವರ್ಜೀನಿಯಾದಲ್ಲಾದರೋ 1946ರಿಂದಲೇ ಸಂಶಯಾಸ್ಪದ ಸಾವುಗಳಿಗೆಂದು ವೈದ್ಯರ ಪ್ರತ್ಯೇಕ ಇಲಾಖೆಯಿದೆ. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂದು ಹೇಳುತ್ತದೆ. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶ ಕೊಟ್ಟಿದೆ.

ಆದರೂ ಡಾಕ್ಟರರು ಒಂದು ಪುಸ್ತಕವನ್ನು ಎರಡು ಸಲ ಓದಿದರು: 1994ರ 'ದ ಬಾಡಿ ಫಾರ್ಮ್'. ಟೆನೆಸ್ಸಿ ವಿಶ್ವವಿದ್ಯಾಲಯದ ವಿಲಿಯಂ ಬಾಸ್ ಎಂಬ ಮಾನವಶಾಸ್ತ್ರಜ್ಞರು 1981ರಲ್ಲಿ ನಾಕ್ಸ್‌ವಿಲ್‌ನಲ್ಲಿ ತೆರೆದ ಸಂಶೋಧನಾ ಬಯಲು ಅದು. ದಾನವಾಗಿ ಬಂದ ದೇಹಗಳು ಬಿಸಿಲು, ಮಳೆ, ನೆರಳುಗಳಲ್ಲಿ ಹೇಗೆ ಕರಗುತ್ತವೆಂದು ಅಲ್ಲಿ ಗಮನಿಸುತ್ತಾರೆ. ಸತ್ತು ಎಷ್ಟು ದಿನವಾಯಿತೆಂದು ಹೇಳಲು ಆ ಲೆಕ್ಕ ಬೇಕು. ಇದರ ಹಿನ್ನೆಲೆ ಸ್ವಾರಸ್ಯಕರ. 1977ರಲ್ಲಿ ಕದಡಿದ ಸಮಾಧಿಯೊಂದರ ಬಳಿ ಸಿಕ್ಕ ದೇಹವನ್ನು ಪರೀಕ್ಷಿಸಿದ ಬಾಸ್, ಇವನು ಸತ್ತು ಹೆಚ್ಚೆಂದರೆ ಒಂದು ವರ್ಷವಾಗಿರಬಹುದು ಎಂದರು. ಅದು ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಮಡಿದ ಕರ್ನಲ್ ಒಬ್ಬನ ದೇಹ! ರಾಸಾಯನಿಕ ಲೇಪನ ಮತ್ತು ಕಬ್ಬಿಣದ ಶವಪೆಟ್ಟಿಗೆ ಅದನ್ನು ಕಾಪಾಡಿದ್ದವು. ಲೆಕ್ಕ ತಪ್ಪಿದ್ದು ನೂರ ಹದಿಮೂರು ವರ್ಷ. ಬಾಸ್ ಅದನ್ನು ಮುಚ್ಚಿಡದೆ, ನಮಗೆ ಗೊತ್ತಿರುವುದು ಎಷ್ಟು ಕಡಿಮೆ ಎಂದು ಎಲ್ಲರಿಗೂ ಹೇಳಿ, ಕಲಿಯಲೆಂದೇ ಆ ಬಯಲನ್ನು ಕಟ್ಟಿದರು. "ಇಂಥ ಡಾಕ್ಟರ್ ಕಾದಂಬರಿಯಲ್ಲಿ ಬೇಕು. ಸ್ಕಾರ್ಪೆಟ್ಟಾ ಬಹಳ ಕಡಿಮೆ ತಪ್ಪುತ್ತಾಳೆ" ಎಂಬುದು ಮಿತ್ರರ ತೀರ್ಪು.

ನಾಲ್ಕನೆಯ ತಕರಾರು ಮಡದಿಯದು, ಎಲ್ಲಕ್ಕಿಂತ ಗಂಭೀರವಾದದ್ದು. 'ಪೋಸ್ಟ್‌ಮಾರ್ಟಮ್'ನ ಹಿಂದೆ ನಿಜವಾದ ಸಾವುಗಳಿವೆ. 1987ರಲ್ಲಿ ರಿಚ್‌ಮಂಡ್ ಮತ್ತು ಅದರಾಚೆಯ ಆರ್ಲಿಂಗ್ಟನ್‌ನಲ್ಲಿ ತಮ್ಮ ಮನೆಗಳಲ್ಲಿಯೇ ಹೆಂಗಸರು ಕೊಲೆಯಾದರು. ಅವರಲ್ಲಿ ಒಬ್ಬರು ವೈದ್ಯೆ. ಕೊಲೆಗಾರ ಟಿಮೊಥಿ ಸ್ಪೆನ್ಸರ್ ಡಿ.ಎನ್.ಎ. ಸಾಕ್ಷ್ಯದ ಬಲದಿಂದ ಶಿಕ್ಷೆಗೊಳಗಾಗಿ 1994ರಲ್ಲಿ ಮರಣದಂಡನೆ ಪಡೆದ. ಅಂಥ ಸಾಕ್ಷ್ಯದ ಮೇಲೆ ಅಮೆರಿಕದಲ್ಲಿ ಜೀವ ತೆತ್ತವರಲ್ಲಿ ಮೊದಲಿಗ. ಇದೇ ತನಿಖೆಯ ಫಲವಾಗಿ, 1984ರ ಕೊಲೆಯೊಂದಕ್ಕಾಗಿ ಸೆರೆಯಲ್ಲಿದ್ದ ನಿರಪರಾಧಿಯೊಬ್ಬ 1989ರಲ್ಲಿ ಕ್ಷಮಾದಾನ ಪಡೆದು ಹೊರಬಂದ. ವಿಜ್ಞಾನದ ಕೀರ್ತಿ ಅಲ್ಲಿದೆ, ಒಪ್ಪೋಣ. "ಆದರೆ ಆ ಹೆಂಗಸರ ತಾಯಂದಿರು ಈ ಪುಸ್ತಕವನ್ನು ಅಂಗಡಿಯ ಕಿಟಕಿಯಲ್ಲಿ ನೋಡಿದಾಗ ಏನಾಗಿರಬೇಡ? ಇನ್ನೊಬ್ಬರ ಮಗಳ ಮೈಯನ್ನು ನಾವು ಕಾಫಿ ಕುಡಿಯುತ್ತ ಓದುವುದು ಸರಿಯೇ?" ಎಂದು ಅವಳು ಕೇಳಿದಾಗ ಲೋಟಗಳು ಕೆಳಗಿಳಿದವು.

ಆ ಪ್ರಶ್ನೆಗೆ ನನ್ನ ಉತ್ತರವನ್ನು ಹೇಳಬೇಕಾದರೆ ಒಂದು ಹಳೆಯ ಸಂಗತಿಯನ್ನು ಹೇಳಬೇಕು.

1976ರ ಮಳೆಗಾಲದಲ್ಲಿ ನನ್ನ ತಮ್ಮ ತೋಟದ ಬಾವಿಯಲ್ಲಿ ತೀರಿಕೊಂಡ. ಅವನಿಗೆ ಹತ್ತೊಂಬತ್ತು. ಸಂಜೆ ಸಿಕ್ಕಿದ್ದರಿಂದ ಶವ ಒಂದು ರಾತ್ರಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿಯೇ ಉಳಿಯಿತು. ನಾವು ಹೊರಗೆ ಹಲಸಿನ ಮರದ ಕೆಳಗೆ ಕುಳಿತಿದ್ದೆವು. ಮರುದಿನ ಪರೀಕ್ಷೆ ಮಾಡಿದ ವೈದ್ಯರು ಇನ್ನೊಂದು ಬಾಗಿಲಿನಿಂದ ಹೊರಟುಹೋದರು. ನಮ್ಮೊಡನೆ ಅವರು ಮಾತನಾಡಲಿಲ್ಲ; ಮಾತನಾಡಬೇಕೆಂಬ ಪದ್ಧತಿಯೂ ಆಗ ಇರಲಿಲ್ಲ. ವಾರಗಳ ಮೇಲೆ ಒಂದು ಹಾಳೆ ಬಂತು. ಅಚ್ಚಾದ ಇಂಗ್ಲಿಷ್ ನಮೂನೆ, ನಡುವೆ ಕೈಬರಹದ ತುಂಬುಪದಗಳು. ಅಮ್ಮ ಓದು ಬಾರದವಳು. "ಏನು ಬರೆದಿದ್ದಾರೆ, ಓದಿ ಹೇಳು" ಎಂದಳು. ಆಗಷ್ಟೇ ಮೇಷ್ಟರಾಗಿದ್ದ ನಾನು ಪದಪದವನ್ನೂ ಕನ್ನಡಕ್ಕೆ ತಂದು ಹೇಳಿದೆ: ಶ್ವಾಸಕೋಶ ಉಬ್ಬಿದೆ, ಮೂಗು ಬಾಯಲ್ಲಿ ನೊರೆಯಿದೆ, ಮೈಮೇಲೆ ಬೇರೆ ಗಾಯವಿಲ್ಲ. ಅಮ್ಮ ಕೇಳಿದ್ದು ಅದನ್ನಲ್ಲ. "ಬಹಳ ಹೊತ್ತು ಒದ್ದಾಡಿದನೇ? ಯಾರಾದರೂ ಏನಾದರೂ ಮಾಡಿ ಹಾಕಿದರೇ?" ಹಾಳೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ಆ ಹಾಳೆ ಮನೆಪತ್ರಗಳ ಜೊತೆ ಪೆಟ್ಟಿಗೆಯಲ್ಲಿಯೇ ಇತ್ತು. ಸ್ಕಾರ್ಪೆಟ್ಟಾಳ ಬಗ್ಗೆ ಜಗಳವಾಡುತ್ತಿದ್ದ ಒಂದು ಸಂಜೆ ಅದನ್ನು ತಂದು ವೈದ್ಯಮಿತ್ರರ ಕೈಗಿಟ್ಟೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ನಿಧಾನವಾಗಿ ಹೇಳಿದರು: "ಆ ನೊರೆ ಇದೆಯಲ್ಲ, ಅದು ಜೀವವಿದ್ದಾಗ ನೀರಿಗೆ ಬಿದ್ದವರಲ್ಲಿ ಕಾಣುವುದು. ಕೊಂದು ಹಾಕಿದ್ದೆನ್ನಲು ಇಲ್ಲಿ ಏನೂ ಇಲ್ಲ. ಪ್ರಜ್ಞೆ ಕೆಲವೇ ನಿಮಿಷಗಳಲ್ಲಿ ಹೋಗಿರುತ್ತದೆ. ಆಮೇಲೆ ಅವನಿಗೆ ಏನೂ ತಿಳಿದಿರುವುದಿಲ್ಲ. ಕಾಲು ಜಾರಿತೋ, ತಾನೇ ಇಳಿದನೋ ಎಂಬುದನ್ನು ಮಾತ್ರ ಈ ಹಾಳೆಯಾಗಲಿ, ಯಾವ ಪ್ರಯೋಗಾಲಯವಾಗಲಿ ಹೇಳಲಾರದು." ಇಷ್ಟೇ. ಈ ನಾಲ್ಕು ಮಾತುಗಳಿಗಾಗಿ ಅಮ್ಮ ಇಪ್ಪತ್ತೊಂಬತ್ತು ವರ್ಷ ಕಾದು, 2005ರಲ್ಲಿ ಹೋಗಿಬಿಟ್ಟಿದ್ದಳು.

ಈ ಕಾದಂಬರಿಗಳನ್ನು ಜನ ಏಕೆ ಓದುತ್ತಾರೆಂಬುದಕ್ಕೆ ನನಗೆ ಕಂಡ ಕಾರಣ ಇದೇ. ರಕ್ತಕ್ಕಾಗಿ ಓದುವವರೂ ಇದ್ದಾರು. ಆದರೆ ಸತ್ತವರ ಬಂಧುಗಳು ಬಂದು ಎದುರು ನಿಂತಾಗ ಸ್ಕಾರ್ಪೆಟ್ಟಾ ಹಿಂಬಾಗಿಲಿನಿಂದ ಹೋಗುವವಳಲ್ಲ. ತನ್ನೆದುರಿಗಿರುವ ದೇಹವನ್ನು ಆಕೆ ತನ್ನ ರೋಗಿ ಎಂದೇ ಭಾವಿಸುತ್ತಾಳೆ. ರೋಗಿಯ ಪರವಾಗಿ ಮಾತನಾಡುವುದು ವೈದ್ಯರ ಧರ್ಮವಲ್ಲವೇ? ಲೇಸರ್ ಇಲ್ಲದಿದ್ದರೂ ನಡೆದೀತು. ಆ ಒಂದು ಮಾತಿಗೆ ಯಂತ್ರ ಬೇಕಿಲ್ಲ. ಇನ್ನು ಕಾದಂಬರಿಯ ಸುಳ್ಳು ಎಲ್ಲಿದೆಯೆಂದರೆ, ಅದರ ಕೊನೆಯ ಪುಟದಲ್ಲಿ 'ಹೇಗೆ' ಎಂಬುದರ ಜೊತೆಗೆ 'ಏಕೆ' ಎಂಬುದೂ ಸಿಕ್ಕಿಬಿಡುತ್ತದೆ. ನಿಜವಾದ ಹಾಳೆಯಲ್ಲಿ 'ಏಕೆ' ಇರುವುದಿಲ್ಲ. ಇದನ್ನು ಹೇಳಿದಾಗ ಮಡದಿ ತನ್ನ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ; ತೆಗೆದುಕೊಳ್ಳಬೇಕಾಗಿಯೂ ಇಲ್ಲ. ಓದುವಾಗ ಆ ಪ್ರಶ್ನೆ ಪಕ್ಕದಲ್ಲಿಯೇ ಕುಳಿತಿರುವುದು ಒಳ್ಳೆಯದು.

ಓದಬೇಕೆನ್ನುವ ಮಿತ್ರರಿಗೆ ನನ್ನ ಸಲಹೆ: 'ಪೋಸ್ಟ್‌ಮಾರ್ಟಮ್'ನಿಂದಲೇ ಆರಂಭಿಸಿ, ಕ್ರಮ ತಪ್ಪಿಸಬೇಡಿ. ಅಲ್ಲಿ ಹತ್ತು ವರ್ಷದ ಹುಡುಗಿಯಾಗಿ ಬರುವ ಸೋದರ ಸೊಸೆ ಲೂಸಿ ಮುಂದೆ ಬೆಳೆಯುವುದನ್ನು ನೋಡುವುದೇ ಒಂದು ಸುಖ. 1993ರ 'ಕ್ರೂಯಲ್ ಅಂಡ್ ಅನ್‌ಯೂಶುವಲ್' ಬ್ರಿಟನ್ನಿನ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಪಡೆದದ್ದು. ಮಾಲಿಕೆಯ ಶಿಖರ ಅದೇ ಎಂದು ನಾವು ನಾಲ್ವರೂ ಒಪ್ಪಿದ ಏಕೈಕ ವಿಷಯ. 2016ರ ನಂತರ ಈ ಮಾಲಿಕೆಗೆ ಐದು ವರ್ಷ ಬಿಡುವು ಕೊಟ್ಟಿದ್ದ ಕಾರ್ನ್‌ವೆಲ್, 2021ರಲ್ಲಿ 'ಆಟಾಪ್ಸಿ' ಎಂಬ ಇಪ್ಪತ್ತೈದನೆಯ ಕಾದಂಬರಿಯೊಡನೆ ಸ್ಕಾರ್ಪೆಟ್ಟಾಳನ್ನು ವರ್ಜೀನಿಯಾಕ್ಕೆ ಮರಳಿ ಕರೆತಂದರು. ಅದನ್ನಿನ್ನೂ ವೈದ್ಯಮಿತ್ರರು ಹಿಂದಿರುಗಿಸಿಲ್ಲ. ಕೇಳಿದರೆ, "ತಪ್ಪು ಹುಡುಕುತ್ತಿದ್ದೇನೆ, ತಾಳಿ" ಎನ್ನುತ್ತಾರೆ.