ನಮ್ಮ ಮನೆಗೆ ದತ್ತು ಬಂದ ಬೆಕ್ಕು



ಬೆಕ್ಕಿನ ಮೇಲೆ ನಮ್ಮಲ್ಲಿ ಎಷ್ಟೊಂದು ಗಾದೆಗಳಿವೆ! ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎನ್ನುತ್ತೇವೆ. ಬೆಕ್ಕು ಅಡ್ಡ ಬಂದರೆ ಹೊರಟ ಕೆಲಸ ಕೆಟ್ಟಿತು ಎಂದು ನಿಂತುಬಿಡುತ್ತೇವೆ. ಆದರೆ ಮನೆಯಲ್ಲಿ ಇಲಿ ಹೆಚ್ಚಾದರೆ ಮೊದಲು ನೆನಪಾಗುವುದು ಅದೇ ಬೆಕ್ಕು. ನಮ್ಮ ಮನೆಯಲ್ಲೂ ಹಾಗೇ ಆಯಿತು.

ಕಳೆದ ವರ್ಷ ನಮ್ಮ ರಾಗಿ ಮೂಟೆಗಳನ್ನು ಇಲಿಗಳು ಕಡಿದು ತೂತು ಮಾಡಿದವು. ಅಪ್ಪ ಇಲಿ ಪಾಷಾಣ ತರುತ್ತೇನೆ ಎಂದರು. ತಮ್ಮ ಇನ್ನೂ ಚಿಕ್ಕವನು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಅದಕ್ಕೇ ಅಮ್ಮ ಬೇಡವೇ ಬೇಡ ಎಂದರು. ನಮ್ಮ ಬೀದಿಯಲ್ಲಿದ್ದ ಎರಡು ಬೆಕ್ಕುಗಳು ಪಾಷಾಣ ತಿಂದ ಇಲಿಯನ್ನು ತಿಂದೇ ಸತ್ತವು ಎಂದು ಎಲ್ಲರೂ ಹೇಳುತ್ತಿದ್ದರು. ಆಗ ಬೆಂಗಳೂರಿನಲ್ಲಿರುವ ನಮ್ಮ ಮಾವ, "ಇಲ್ಲೊಂದು ಪ್ರಾಣಿ ರಕ್ಷಣಾ ಸಂಘ ಇದೆ. ಬೀದಿಯಲ್ಲಿ ಬಿಟ್ಟುಹೋದ ಬೆಕ್ಕುಗಳನ್ನ ಸಾಕಿ ದತ್ತು ಕೊಡ್ತಾರೆ, ಬನ್ನಿ" ಎಂದು ಫೋನ್ ಮಾಡಿದರು.

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಮಕ್ಕಳಿಲ್ಲದೋರು ಮಕ್ಕಳ್ನ ದತ್ತು ತಗೊಳ್ಳೋದು ಕೇಳಿದ್ದೆ. ಬೆಕ್ಕನ್ನೂ ದತ್ತು ತಗೋತಾರೇನೋ?" ಎಂದರು.

ಇಂಥ ಸಂಘಗಳು ಹೊಸವೇನಲ್ಲ. ಚೆನ್ನೈನಲ್ಲಿ ವಿಮಾನದ ಪೈಲಟ್ ಆಗಿದ್ದ ಕ್ಯಾಪ್ಟನ್ ಸುಂದರಂ ಅವರು 1959ರಲ್ಲೇ ಬ್ಲೂ ಕ್ರಾಸ್ ಎಂಬ ಸಂಸ್ಥೆಯನ್ನು ಶುರು ಮಾಡಿದರು. ಬೆಂಗಳೂರಿನಲ್ಲಿ 1991ರಲ್ಲಿ ಕ್ಯೂಪಾ ಎಂಬ ಸಂಸ್ಥೆ ಹುಟ್ಟಿತು. ಇವು ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಗೆ ಚಿಕಿತ್ಸೆ ಕೊಡುತ್ತವೆ.

ದಸರಾ ರಜೆಯಲ್ಲಿ ನಾನು ಮತ್ತು ಅಪ್ಪ ಬೆಂಗಳೂರಿಗೆ ಹೋದೆವು. ನಾವು ಬೆಕ್ಕನ್ನು ಆರಿಸುತ್ತೇವೆ ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಅವರೇ ನಮ್ಮನ್ನು ಪರೀಕ್ಷೆ ಮಾಡಿದರು! ಮನೆಯಲ್ಲಿ ಎಷ್ಟು ಜನ, ನಾಯಿ ಇದೆಯಾ, ಊರಿಗೆ ಹೋದರೆ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ, ಪಶುವೈದ್ಯರು ಎಷ್ಟು ದೂರ ಎಂದೆಲ್ಲ ಕೇಳಿ ಒಂದು ಫಾರಂನಲ್ಲಿ ಬರೆದುಕೊಂಡರು. ಕೊನೆಗೆ ಅಲ್ಲಿನ ಮೇಡಂ, "ನಿಮಗೆ ಬೆಕ್ಕು ಇಲಿ ಹಿಡಿಯೋಕೆ ಬೇಕಾ, ಸಾಕೋಕೆ ಬೇಕಾ?" ಎಂದರು. ಅಪ್ಪ ಸುಳ್ಳು ಹೇಳುವವರಲ್ಲ. "ಇಲಿ ಹಿಡಿಯೋಕೇ ಮೇಡಂ" ಎಂದುಬಿಟ್ಟರು.

ಬೆಕ್ಕು ಕೊಡುವುದಿಲ್ಲ ಎನ್ನುತ್ತಾರೆ ಎಂದು ನನಗೆ ಭಯವಾಯಿತು. ಆದರೆ ಮೇಡಂ ಸಮಾಧಾನವಾಗಿ ಹೇಳಿದರು: "ಹೊಟ್ಟೆಗೆ ಹಾಕದಿದ್ರೆ ಇಲಿ ಹಿಡಿಯುತ್ತೆ ಅಂತ ಹಳ್ಳೀಲಿ ಹೇಳ್ತಾರೆ. ಅದು ತಪ್ಪು. ಬೇಟೆ ಅದರ ಹುಟ್ಟುಗುಣ, ಹೊಟ್ಟೆ ತುಂಬಿದ್ರೂ ಬೇಟೆ ಆಡುತ್ತೆ. ಹಸಿದ ಬೆಕ್ಕು ಊಟ ಹುಡುಕಿಕೊಂಡು ಮನೆ ಬಿಟ್ಟು ಹೋಗುತ್ತೆ. ದಿನಾ ಊಟ ಹಾಕ್ತೀವಿ, ಪಾಷಾಣ ಇಡಲ್ಲ, ಸಾಕೋಕಾಗದಿದ್ರೆ ಬೀದಿಗೆ ಬಿಡದೆ ಇಲ್ಲಿಗೇ ತಂದು ಕೊಡ್ತೀವಿ ಅಂತ ಸಹಿ ಹಾಕ್ತೀರಾ?"

ಪಾಷಾಣದ ಮಾತಿಗೆ ಅಪ್ಪ ಸುಮ್ಮನಾದರು. ಆ ರಾಗಿ ನಮ್ಮ ವರ್ಷದ ಊಟ. ಬೆಕ್ಕು ಇಲಿ ಹಿಡಿಯದೇ ಹೋದರೆ? ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು. ಆಮೇಲೆ ಸಹಿ ಹಾಕಿದರು.

ಎಲ್ಲರೂ ಕೇಳುವುದು ಮರಿಗಳನ್ನೇ ಅಂತೆ. ದೊಡ್ಡ ಬೆಕ್ಕುಗಳು ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ. ನಾವು ತಂದದ್ದು ಅಂಥದೇ ಒಂದು. ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ ಇದ್ದದ್ದರಿಂದ ತಮ್ಮ ಅದಕ್ಕೆ ರಂಗಿ ಎಂದು ಹೆಸರಿಟ್ಟ. ಇಂಥ ಮೂರು ಬಣ್ಣದ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಕೆಂಚು ಬಣ್ಣದ ಗುಣ ಎಕ್ಸ್ ವರ್ಣತಂತುವಿನಲ್ಲಿ ಇರುವುದೇ ಇದಕ್ಕೆ ಕಾರಣ.

ಅಜ್ಜಿ ರಂಗಿಯನ್ನು ನೋಡಿದವರೇ, "ಇದರ ಎಡಗಿವಿ ತುದಿ ಏನಾಯ್ತು? ಕಿವಿ ಹರಿದ ಬೆಕ್ಕು ತಂದಿದ್ದೀಯಲ್ಲೋ" ಎಂದರು. ಅದು ಗಾಯವಲ್ಲ, ಗುರುತು. ಮರಿಯಾಗದಂತೆ ಆಪರೇಷನ್ ಮಾಡುವಾಗ, ಬೆಕ್ಕಿಗೆ ಪ್ರಜ್ಞೆ ಇಲ್ಲದಿದ್ದಾಗಲೇ ಕಿವಿಯ ತುದಿಯನ್ನು ಚೂರು ಕತ್ತರಿಸುತ್ತಾರೆ. ಮುಂದೆ ಯಾರಾದರೂ ಮತ್ತೆ ಹಿಡಿದು ಹೊಟ್ಟೆ ಕೊಯ್ಯಬಾರದು ಎಂದು ಹೀಗೆ ಮಾಡುತ್ತಾರೆ.

ಇದನ್ನು ಹೇಳಿದ್ದೇ ತಡ, ಅಜ್ಜಿಗೆ ಸಿಟ್ಟು ಬಂತು. "ಬಸಿರಾಗೋ ಜೀವಕ್ಕೆ ಹಂಗೆ ಮಾಡೋದು ಪಾಪ ಅಲ್ವೇನೋ?" ಅಪ್ಪ ಏನೂ ಮಾತಾಡಲಿಲ್ಲ. ಅಮ್ಮ ಒಲೆಯ ಮುಂದಿನಿಂದಲೇ ಹೇಳಿದರು: "ಅತ್ತೆ, ಹೋದ ಮಳೆಗಾಲದಲ್ಲಿ ಕೆರೆ ಏರಿ ಮೇಲೆ ಚೀಲದಲ್ಲಿ ಕಟ್ಟಿ ಎಸೆದಿದ್ದ ಮರಿಗಳನ್ನ ನೀವೇ ನೋಡಿದ್ರಲ್ಲ. ಅದು ಪುಣ್ಯನಾ?"

ಅಜ್ಜಿ ಆ ದಿನ ಮತ್ತೆ ಆ ಮಾತು ಎತ್ತಲಿಲ್ಲ.

ಗೆಳೆಯರೇ, ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ಬೆಕ್ಕು ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಮರಿ ಎಂದರೂ ಎಂಟರಿಂದ ಹನ್ನೆರಡು. ಹೆಣ್ಣು ಮರಿ ಆರು ತಿಂಗಳಾಗುವಷ್ಟರಲ್ಲಿ ತಾನೇ ತಾಯಿಯಾಗಬಲ್ಲದು. ಇಷ್ಟು ಮರಿಗಳಿಗೆ ಮನೆ ಎಲ್ಲಿದೆ? ಅದಕ್ಕೇ ದಾರಿ ತಿಳಿಯದಿರಲಿ ಎಂದು ಚೀಲದಲ್ಲಿ ಕಟ್ಟಿ ಸಂತೆ ಮಾಳಕ್ಕೋ ಕೆರೆ ಏರಿಗೋ ಬಿಟ್ಟು ಬರುತ್ತಾರೆ.

ಹೀಗೆ ಮಾಡುವುದು ಕಾನೂನಿನ ಪ್ರಕಾರವೂ ತಪ್ಪು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಜೀವಿಗಳ ಮೇಲೆ ದಯೆ ತೋರುವುದು ನಮ್ಮ ಮೂಲಭೂತ ಕರ್ತವ್ಯಗಳಲ್ಲಿ ಒಂದು ಎಂದು ಸಮಾಜ ಪಾಠದಲ್ಲಿ ಓದಿದ್ದೇವೆ. ಸಂವಿಧಾನಕ್ಕೆ ಅದು ಸೇರಿದ್ದು 1976ರಲ್ಲಿ. ಪರೀಕ್ಷೆಗೆ ಬಾಯಿಪಾಠ ಮಾಡಿ ಅಲ್ಲಿಗೇ ಮರೆತರೆ ಏನು ಬಂತು?

ಹೊಸ ಮನೆಗೆ ಬಂದ ಬೆಕ್ಕನ್ನು ಎರಡು ಮೂರು ವಾರ ಒಂದೇ ಕೋಣೆಯಲ್ಲಿ ಇಡಬೇಕು, ಇಲ್ಲದಿದ್ದರೆ ಹಳೆಯ ಜಾಗ ಹುಡುಕಿಕೊಂಡು ಹೋಗುತ್ತದೆ ಎಂದಿದ್ದರು. ರಾಗಿ ಮೂಟೆಯ ಕೋಣೆಯಲ್ಲೇ ಇಟ್ಟೆವು. ಒಂದು ಹಳೇ ಬೇಸಿನ್ನಿನಲ್ಲಿ ಮರಳು ತುಂಬಿಟ್ಟೆವು. ನಾಲ್ಕು ದಿನ ರಂಗಿ ಮೂಟೆಯ ಸಂದಿಯಿಂದ ಈಚೆಗೇ ಬರಲಿಲ್ಲ. ಅಜ್ಜಿ ಬಟ್ಟಲು ತುಂಬ ಹಾಲಿಟ್ಟರು. ಕುಡಿದದ್ದೇನೋ ನಿಜ, ಮಾರನೆಯ ದಿನ ಭೇದಿ! ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಸುವಿನ ಹಾಲು ಅರಗುವುದಿಲ್ಲ ಎಂದು ಪಶುವೈದ್ಯರು ಹೇಳಿದರು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿದ್ದುದೇ ಒಳ್ಳೆಯದಾಯಿತು ಎಂದು ನಾವು ನಕ್ಕೆವು. ಈಗ ಉಪ್ಪು ಖಾರ ಹಾಕುವ ಮೊದಲೇ ಎತ್ತಿಟ್ಟ ಕೋಳಿ ತುಂಡು, ಮೀನು ಇಲ್ಲವೇ ಬೇಯಿಸಿದ ಮೊಟ್ಟೆ ಕೊಡುತ್ತೇವೆ. ಬರೀ ಅನ್ನ, ಮುದ್ದೆ ಬೆಕ್ಕಿಗೆ ಸಾಲದು.

ಇಲಿಗಳು ಪೂರ್ತಿ ಹೋದವು ಎಂದರೆ ಸುಳ್ಳಾಗುತ್ತದೆ. ಕಡಿಮೆಯಾಗಿವೆ ಅಷ್ಟೆ. ಅಪ್ಪ ಮುಚ್ಚಳವಿರುವ ಎರಡು ತಗಡಿನ ಡ್ರಮ್ ತಂದು ರಾಗಿಯನ್ನು ಅದರಲ್ಲಿ ತುಂಬಿಸಿದರು. ಪಾಷಾಣ ಮಾತ್ರ ತರಲಿಲ್ಲ. "ಸಹಿ ಹಾಕಿದೀನಿ ಕಣಮ್ಮ" ಎನ್ನುತ್ತಾರೆ.

ನಿಮ್ಮ ಮನೆಯಲ್ಲಿ ಬೆಕ್ಕು ಮರಿ ಹಾಕಿದರೆ ಎರಡು ತಿಂಗಳವರೆಗೆ ತಾಯಿಯ ಜೊತೆಗಿರಲಿ. ಆಮೇಲೆ ಬೇಕು ಎನ್ನುವವರಿಗೆ ಕೊಡಿ. ಕೊಡುವ ಮುಂಚೆ ಮೇಡಂ ನಮ್ಮನ್ನು ಕೇಳಿದ ಹಾಗೆ ನೀವೂ ನಾಲ್ಕು ಪ್ರಶ್ನೆ ಕೇಳಿ. ಹುಚ್ಚುರೋಗದ ಲಸಿಕೆ, ಆಪರೇಷನ್ ವಿಷಯವನ್ನು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಅರಿಶಿನ ಮೆತ್ತಿ ಸುಮ್ಮನಿರಬೇಡಿ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ.

ದತ್ತು ಎಂದರೆ ತಂದುಬಿಡುವುದಲ್ಲ, ಮಾತು ಕೊಡುವುದು. ಬೆಕ್ಕಿಗೆ ಓದಲು ಬರುವುದಿಲ್ಲ. ನಾವು ಯಾವ ಕಾಗದಕ್ಕೆ ಸಹಿ ಹಾಕಿದ್ದೇವೆ ಎಂದು ಅದು ಯಾವತ್ತೂ ಕೇಳುವುದಿಲ್ಲ. ಆದ್ದರಿಂದ ಆ ಮಾತನ್ನು ನಾವೇ ನೆನಪಿಟ್ಟುಕೊಂಡು ನಡೆಸಬೇಕು.

— ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ