ತಪ್ಪು ಕೊಂಬಿನ ಘೇಂಡಾಮೃಗ

ಹಳೆಯ ಪಿಂಗಾಣಿ ಪ್ರಾಣಿಗಳನ್ನು ಕೂಡಿಡುವವರ ಮನೆಗೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಾರದು. 'ಮುಟ್ಟಬೇಡ ಪುಟ್ಟಾ' ಎನ್ನುವುದರಲ್ಲೇ ಕಾಫಿ ಆರಿಹೋಗುತ್ತದೆ. ನಮ್ಮ ಮನೆಗೂ ಈಗ ಆ ಖ್ಯಾತಿ ಬಂದಿದೆ. ನನ್ನ ಗಾಜಿನ ಬೀರುವಿನಲ್ಲಿರುವುದೇನೂ ಅರಮನೆಯ ಮಾಲಲ್ಲ. ಕಿವಿ ಮುಕ್ಕಾದ ಒಂದು ನಾಯಿ, ಬಣ್ಣ ಮಾಸಿದ ಎರಡು ಬಾತು, ಹೀಗೆ. ಆದರೆ ಈ ಹುಚ್ಚು ಹಿಡಿದವರಲ್ಲಿ ದೊರೆಗಳೂ ಇದ್ದರೆಂಬುದೇ ಸಮಾಧಾನ.

ಜರ್ಮನಿಯ ಸ್ಯಾಕ್ಸನಿಯನ್ನು ಆಳಿದ ಅಗಸ್ಟಸ್, 1717ರಲ್ಲಿ ತನ್ನ 600 ಸೈನಿಕರನ್ನು ಪ್ರಷ್ಯದ ದೊರೆಗೆ ಒಪ್ಪಿಸಿ 151 ಪಿಂಗಾಣಿ ವಸ್ತುಗಳನ್ನು ತರಿಸಿಕೊಂಡ. ನಮ್ಮ ಬೀದಿಯಲ್ಲಿ ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ಕೊಳ್ಳುತ್ತಿದ್ದರಲ್ಲ, ಆ ಲೆಕ್ಕ. 1710ರಲ್ಲಿ ಮೀಸೆನ್ ಪಿಂಗಾಣಿ ಕಾರ್ಖಾನೆ ಶುರುಮಾಡಿಸಿದವನೂ ಅವನೇ. 1730ರ ಹೊತ್ತಿಗೆ ಡ್ರೆಸ್ಡೆನ್ನಿನ ತನ್ನ ಜಪಾನಿ ಅರಮನೆಗೆ ಒಂದು ಇಡೀ ಮೃಗಾಲಯವೇ ಬೇಕೆಂದ, ಅದೂ ಪಿಂಗಾಣಿಯಲ್ಲಿ, ಆದಷ್ಟೂ ನಿಜ ಗಾತ್ರದಲ್ಲಿ!

ಬಟ್ಟಲು ಸುಡುವ ಗೂಡಿನಲ್ಲಿ ಸಿಂಹವನ್ನು ಸುಡುವುದೆಂದರೆ ಹುಡುಗಾಟವೇ? ಉರಿಗೆ ಮಣ್ಣು ಕುಗ್ಗುತ್ತದೆ, ದಪ್ಪನೆಯ ಮೈ ಸೀಳುತ್ತದೆ. ಕಿರ್ಖ್ನರ್, ಕೆಂಡ್ಲರ್ ಎಂಬ ಶಿಲ್ಪಿಗಳು ಹೆಣಗಿ ತೆಗೆದ ಆ ದೊಡ್ಡ ಪ್ರಾಣಿಗಳ ಮೈಮೇಲೆ ಬಿರುಕುಗಳು ಇಂದಿಗೂ ಕಾಣುತ್ತವೆ. ಬಣ್ಣ ಹಚ್ಚಿ ಮತ್ತೊಮ್ಮೆ ಗೂಡಿಗಿಡಲು ಧೈರ್ಯ ಸಾಲದೆ ಹಲವನ್ನು ಬೆಳ್ಳಗೇ ಬಿಟ್ಟರು.

ಅವುಗಳಲ್ಲಿ ನನಗೆ ಅಚ್ಚುಮೆಚ್ಚು ಕಿರ್ಖ್ನರನ ಘೇಂಡಾಮೃಗ. ಮೈತುಂಬ ಕವಚ, ಕಾಲಿಗೆಲ್ಲ ಹುರುಪೆ. ಮೂಗಿನ ಮೇಲಿನ ಕೊಂಬು ಸಾಲದೆಂದು ಹೆಗಲ ನಡುವೆ ಇನ್ನೊಂದು ಪುಟ್ಟ ಕೊಂಬು. ಅದು ಬಂದದ್ದು ಡ್ಯೂರರ್ ಎಂಬ ಕಲಾವಿದನ 1515ರ ಚಿತ್ರದಿಂದ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಪ್ರಾಣಿಯೊಂದು ನಮ್ಮ ಪಕ್ಕದ ಗೋವೆಯಿಂದ ಹಡಗೇರಿ ಆ ವರ್ಷ ಲಿಸ್ಬನ್ ಸೇರಿತ್ತು. ಡ್ಯೂರರ್ ಅದನ್ನು ಕಣ್ಣಾರೆ ಕಂಡವನಲ್ಲ. ಯಾರೋ ಬರೆದು ಕಳಿಸಿದ ವಿವರ ನಂಬಿ ಗೀಚಿದ. ಯುರೋಪು ಇನ್ನೂರು ವರ್ಷ ಅದನ್ನೇ ನಂಬಿತು. 1747ರಲ್ಲಿ ಕ್ಲಾರಾ ಎಂಬ ಭಾರತದ ಘೇಂಡಾಮೃಗ ಊರೂರು ಮೆರವಣಿಗೆ ಮಾಡುತ್ತ ಡ್ರೆಸ್ಡೆನ್ನಿಗೆ ಬಂದಾಗ ಕೆಂಡ್ಲರ್ ಎದುರು ನಿಂತು ನೋಡಿದ. ಆಮೇಲೆ ಬಂದ ಬೊಂಬೆಗಳಿಗೆ ಹೆಗಲ ಕೊಂಬು ಹೋಯಿತು. ಸರಿಯಾದ ಪ್ರಾಣಿ ಬಂತು, ಒಪ್ಪುತ್ತೇನೆ; ಆದರೆ ಆ ಹಳೆಯದರ ಗತ್ತು ಇದಕ್ಕಿಲ್ಲ.

ನಮ್ಮಂಥವರ ಕೈಗೆ ಮೀಸೆನ್ ಬರುವುದು ಕನಸು. ಅಡಿಯಲ್ಲಿ ನೀಲಿ ಬಣ್ಣದ ಅಡ್ಡಕತ್ತಿಗಳ ಗುರುತಿದ್ದರೂ ಹಿಗ್ಗಬೇಡಿ. ಅದನ್ನು ನಕಲು ಮಾಡಿದವರು ಬೇಕಾದಷ್ಟು ಮಂದಿ. ಗುರುತಿಗಿಂತ ಬಾಲ, ಕಿವಿ, ಕಾಲುಗಳ ಸಂದು ನೋಡಿ. ಮುರಿದದ್ದನ್ನು ಅಂಟಿಸಿದ್ದರೆ, ಅಲ್ಲಿ ಉಗುರಾಡಿಸಿದಾಗ ಆ ಗೆರೆ ಕೈಗೆ ಸಿಗುತ್ತದೆ. ಗೂಡಿನಲ್ಲಿ ಬಿಟ್ಟ ಬಿರುಕಿನ ಬಾಯಿಗೆ ಎಷ್ಟೋ ಸಲ ಮೆರುಗು ಇಳಿದು ನುಣುಪಾಗಿರುತ್ತದೆ. ಕೈಜಾರಿ ಒಡೆದದ್ದು ಚೂಪಾಗಿರುತ್ತದೆ.

ಇನ್ನೊಂದು ಮಾತು. ಅಜ್ಜಿಯ ಕಾಲದ ದಸರಾ ಬೊಂಬೆಗಳ ಪೆಟ್ಟಿಗೆಯಲ್ಲಿ ಇಂಥದ್ದೇನಾದರೂ ಸಿಕ್ಕರೆ ಹೊಸ ಬಣ್ಣ ಬಳಿಸಬೇಡಿ. ಕಿವಿ ಮುರಿದಿದ್ದರೆ ಆ ಚೂರನ್ನೂ ಹತ್ತಿಯಲ್ಲಿ ಸುತ್ತಿ ಜೊತೆಗೇ ಇಡಿ.