ಸಾಕಿದ ನಾಯಿಯೂ ಗೃಹಸ್ಥನ ಕರ್ತವ್ಯವೂ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಮುಂಜಾನೆ ತಿರುಗಾಡುವವರಿಗೆ ಹೂವಿನ ಬುಟ್ಟಿಗಳೊಡನೆ ಕಣ್ಣಿಗೆ ಬೀಳುವ ಇನ್ನೊಂದು ನೋಟವೆಂದರೆ ಸರಪಣಿ ಹಿಡಿದ ಯಜಮಾನರು, ಅವರನ್ನು ಎಳೆದುಕೊಂಡು ಹೋಗುವ ನಾಯಿಗಳು. ನಾಯಿ ಈಗ ಬರಿಯ ಅಂಗಳದ ಕಾವಲುಗಾರನಲ್ಲ. ನಡುಮನೆಯಲ್ಲಿ ಮಲಗುತ್ತದೆ, ಮಕ್ಕಳೊಡನೆ ಆಡುತ್ತದೆ. ಅದು ಮನೆಯವರಲ್ಲಿ ಒಬ್ಬನಾದ ಮೇಲೆ ಅದರ ಮೈಯ ಹುಳುವೂ ಮನೆಯ ಚಿಂತೆಯೇ ಆಗಬೇಕಷ್ಟೆ.

ಈ ಬಡಾವಣೆಗೂ ಇಂತಹ ಕ್ಷುದ್ರಜಂತುಗಳಿಗೂ ಹಳೆಯ ಸಂಬಂಧವುಂಟು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಪೇಟೆಯ ಜನರು ಇಕ್ಕಟ್ಟಾದ ಬೀದಿಗಳನ್ನು ತೊರೆದ ಬಳಿಕ ಮಲ್ಲೇಶ್ವರವೂ ಬಸವನಗುಡಿಯೂ ಬೆಳೆದುವು. ಅದೇ ವರ್ಷ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯರು ಆ ರೋಗವನ್ನು ಇಲಿಯಿಂದ ಇಲಿಗೆ ಒಯ್ಯುವುದು ಚಿಗಟವೆಂದು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದರು. ಊರನ್ನೇ ಕದಲಿಸಿದ ಹುಳುವನ್ನು ಅಲ್ಪವೆಂದು ಕಡೆಗಣಿಸಲಾದೀತೆ?

ನಾವು ನಾಯಿಯನ್ನು ತೋರಿಸುವ ಪಶುವೈದ್ಯರು ಚೀಟಿ ಬರೆದುಕೊಟ್ಟು ಸುಮ್ಮನಾಗುವವರಲ್ಲ. ಅವರೆದುರು ಕುಳಿತವರು ಕಾರಣವನ್ನು ತಿಳಿದೇ ಏಳಬೇಕು. ಒಮ್ಮೆ ಗೃಹಿಣಿಯೊಬ್ಬರು, "ವಾರಕ್ಕೊಮ್ಮೆ ಸ್ನಾನ ಮಾಡಿಸಿ ಬೇವಿನ ಸೊಪ್ಪು ಉಜ್ಜುತ್ತೇವೆ, ಡಾಕ್ಟರೇ. ಆದರೂ ಉಣ್ಣಿ ಮತ್ತೆ ಮತ್ತೆ ಬರುತ್ತದಲ್ಲ?" ಎಂದು ಕೇಳಿದರು. ಪಕ್ಕದ ಮಾರ್ಗೋಸಾ ರಸ್ತೆಗೆ ಬೇವಿನ ಹೆಸರೇ ಇರುವಾಗ ನಮ್ಮವರಿಗೆ ಬೇವಿನಲ್ಲಿ ನಂಬಿಕೆಯಿರುವುದು ಸಹಜ. ವೈದ್ಯರು ನಕ್ಕು, "ತಾಯಿ, ನೀವು ತೊಳೆಯುವುದು ನಾಯಿಯನ್ನು, ಉಣ್ಣಿಯ ಸಂಸಾರವಿರುವುದು ನಿಮ್ಮ ಗೋಡೆಯಲ್ಲಿ" ಎಂದರು.

ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಕಳಚಿಬಿದ್ದು, ಗೋಡೆಯ ಬಿರುಕಿನಲ್ಲೋ ಹೊಸ್ತಿಲ ಸಂದಿನಲ್ಲೋ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮರಿಗಳು ತಿಂಗಳುಗಟ್ಟಲೆ ಉಪವಾಸವಿದ್ದು ಹೊಂಚುಹಾಕಬಲ್ಲುವು. ಅವನ್ನು ಕೊಲ್ಲುವಂತಹ ಚಳಿಯೂ ನಮ್ಮೂರಿನಲ್ಲಿಲ್ಲ. ಆದುದರಿಂದ ಮೈಗೆ ಹಾಕುವ ಹನಿಯಾಗಲಿ ನುಂಗಿಸುವ ಮಾತ್ರೆಯಾಗಲಿ ಹೇಳಿದ ಅವಧಿಗೆ ತಪ್ಪದೆ ಸಲ್ಲಬೇಕು. ಹಾಸನ್ನು ಬಿಸಿನೀರಿನಲ್ಲಿ ಒಗೆದು, ಬಿರುಕುಗಳನ್ನು ಮುಚ್ಚಬೇಕು. ಉಣ್ಣಿಯಿಂದ ಬರುವ ಜ್ವರದಲ್ಲಿ ಒಸಡು ಬಿಳಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುತ್ತದೆ. ನಮ್ಮ ಬೀದಿಯ ನಾಯಿಯೊಂದು ಹೀಗೆ ತೀರಿಕೊಂಡಾಗ ಆ ಮನೆಯ ಬಾಲಕನು ಅದರ ತಟ್ಟೆಯನ್ನು ಯಾರಿಗೂ ಎತ್ತಗೊಡಲಿಲ್ಲ.

ಹೊಟ್ಟೆಯೊಳಗಿನ ಹುಳುವಿನ ಮಾತು ಇನ್ನೂ ಮುಖ್ಯವಾದುದು. ಜಂತುಹುಳು ತಾಯಿಯ ಗರ್ಭದಲ್ಲಿಯೇ ಮರಿಯನ್ನು ಸೇರುತ್ತದೆ, ಹಾಲಿನಿಂದಲೂ ಬರುತ್ತದೆ. ಆದುದರಿಂದ ಮರಿಗೆ 2 ವಾರ ತುಂಬಿದಂದಿನಿಂದ 2 ವಾರಕ್ಕೊಮ್ಮೆ, ಬಳಿಕ 6 ತಿಂಗಳಾಗುವವರೆಗೆ ತಿಂಗಳಿಗೊಮ್ಮೆ, ದೊಡ್ಡ ನಾಯಿಗೆ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ, ತೂಕ ನೋಡಿ ಔಷಧ ಕೊಡಿಸುವುದು ವಾಡಿಕೆ. ಮಲದೊಡನೆ ಬಿದ್ದ ಮೊಟ್ಟೆ ಸೋಂಕು ತಗಲಿಸುವಷ್ಟು ಬಲಿಯಲು ಕೆಲವು ವಾರಗಳು ಬೇಕು. ಬಲಿತ ಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲುದು. ಮಣ್ಣಾಡಿದ ಕೈಯನ್ನು ಬಾಯಿಗಿಟ್ಟ ಮಗುವಿನ ಮೈಯಲ್ಲಿ ಆ ಹುಳುವಿನ ಮರಿ ಅಲೆದು, ಅಪರೂಪಕ್ಕೆ ಕಣ್ಣಿಗೇ ಕೇಡು ತರುವುದುಂಟು. ದಿನದಿನವೂ ಮಲವನ್ನೆತ್ತಿ ಅಂಗಳವನ್ನು ಚೊಕ್ಕಟವಾಗಿಡುವುದು ಬರಿಯ ಅಂದಕ್ಕಲ್ಲವೆಂಬುದು ಇದರಿಂದ ಸ್ಪಷ್ಟವಾದೀತು.

ಇನ್ನೊಂದು ಎಚ್ಚರಿಕೆ. ನಾಯಿಗೆಂದು ತಂದ ಉಣ್ಣಿಯ ಔಷಧವನ್ನು ಬೆಕ್ಕಿಗೆ ಹಚ್ಚಬಾರದು; ಅಂಥವುಗಳಲ್ಲಿ ಕೆಲವಕ್ಕಿರುವ ಪರ್ಮೆತ್ರಿನ್ ಬೆಕ್ಕಿನ ಪ್ರಾಣಕ್ಕೇ ಎರವಾಗುತ್ತದೆ.

ವೈದ್ಯರ ಚೀಟಿ ಅರ್ಧ ಚಿಕಿತ್ಸೆ. ಉಳಿದರ್ಧವು ಮನೆಯವರ ತಿಳಿವಳಿಕೆಯಲ್ಲಿದೆ. ಕಾರಣ ತಿಳಿದವನು ದಿನವನ್ನು ಮರೆಯುವುದು ಅಪರೂಪ. ಏಕಾದಶಿ, ಸಂಕಷ್ಟಿಗಳನ್ನು ಗುರುತಿಸುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ನಾಯಿಯ ಔಷಧದ ದಿನಕ್ಕೂ ಒಂದು ಗುರುತು ಹಾಕಿದರೆ, ಬಾಯಿಲ್ಲದ ಜೀವವೂ ಬಾಯಿಗೆ ಮಣ್ಣಿಡುವ ಮಗುವೂ ಒಟ್ಟಿಗೆ ಕ್ಷೇಮವಾಗಿರುವರು.